ಕಿಯಾರಿ ಆಪರೇಷನ್ ಆಗಿ ಐದು ವಾರ: ಯಾವ ನೋವು ತಡಕೋಬೇಕು, ಯಾವುದಕ್ಕ ದವಾಖಾನಿಗೆ ಓಡಬೇಕು?

ಪ್ರಶ್ನೆ (ಗಂಗಾವತಿಯಿಂದ)
ನಮ್ಮ ಅಕ್ಕಗ 34 ವರ್ಷ. ಬೆಂಗಳೂರಾಗ ಕಿಯಾರಿ ಟೈಪ್ 1ಕ್ಕ (ಚಿಕ್ಕ ಮಿದುಳಿನ ಕೆಳತುದಿ ಬುರುಡಿ ಬುಡದ ತೂತಿನಿಂದ ಕೆಳಗ ಇಳಿಯೋ ತೊಂದರಿ) ಡಿಕಂಪ್ರೆಷನ್, ಅಂದ್ರ ಅಲ್ಲಿ ಜಾಗ ಅಗಲ ಮಾಡೋ ಆಪರೇಷನ್, ಆಗಿ ಐದು ವಾರ ಆತು. ತಲಿ ಹಿಂದಿನ ಎಲುಬು ಒಂದಿಷ್ಟು, ಸಿ1 (ಕುತ್ತಿಗಿಯ ಮೊದಲ ಮಣಿ) ಕಮಾನು ತಗದು, ಡ್ಯೂರಾಕ್ಕ (ಮಿದುಳಿನ ಹೊರ ಪೊರಿ) ತ್ಯಾಪಿ ಹಚ್ಯಾರ. ಕುತ್ತಿಗಿಯ ಸಿ3ರಿಂದ ಸಿ7ನೇ ಮಣಿ ತನಕ ಬೆನ್ನುಹುರಿಯೊಳಗ ಸಿರಿಂಕ್ಸ್ (ನೀರು ತುಂಬಿದ ಪೊಳ್ಳು) ಇತ್ತು. ಕೆಮ್ಮಿದ್ರ ಬರ್ತಿದ್ದ ತಲಿಸೂಲಿ ಹೋಗೇತಿ. ಆದ್ರ ಕುತ್ತಿಗಿ ಕಟ್ಟಿಗಿ ಆಗೇತಿ, ಸಂಜಿಗೆ ತಲಿನೋವು, ಬಲಗೈ ಜೋಮು, ಉರಿ ಹಂಗ ಐತಿ. ಮನ್ಯಾಗ "ಆಪರೇಷನ್ ಫೇಲ್ ಆತು" ಅನ್ನಾಕತ್ಯಾರ. ಟೇಲರಿಂಗ್ ಮಾಡ್ತಾಳ, ಮಷಿನ್ ಮುಂದ ಯಾವಾಗ ಕೂಡಬಹುದು? ತಿಳಿದವ್ರು ಹೇಳ್ರಿ.

ನ್ಯೂರೋ ವಾರ್ಡ್ ನರ್ಸ್, ಬಳ್ಳಾರಿ
ಕೆಮ್ಮಿದಾಗ, ಸೀನಿದಾಗ, ಮುಕ್ಕಿದಾಗ ಬರೋ ತಲೆನೋವೇ ಕಿಯಾರಿಯ ನಿಜವಾದ ತಲೆನೋವು. ಅದು ಹೋಗಿದೆ ಅಂದ್ರೆ ತಲೆಬುರುಡೆಯ ಬುಡದಲ್ಲಿ ಮಿದುಳು, ಬೆನ್ನುಹುರಿ ಸುತ್ತ ಹರಿಯೋ ನೀರಿನ ದಾರಿ ತೆರೆದಿದೆ ಅಂತ ಒಳ್ಳೇ ಸೂಚನೆ. ಫೇಲ್ ಅನ್ನೋಕೆ ಇನ್ನೂ ಕಾಲ ಬಂದಿಲ್ಲ.

ಕೈ ಜೋಮು ಬೇರೆ ಲೆಕ್ಕ. ಸಿರಿಂಕ್ಸ್ ಅಂದ್ರೆ ಬೆನ್ನುಹುರಿಯೊಳಗೆ ನೀರು ತುಂಬಿದ ಪೊಳ್ಳು. ಆಪರೇಷನ್ ಆದ್ಮೇಲೆ ಅದು ತಿಂಗಳುಗಟ್ಟಲೆ ನಿಧಾನ ಕುಗ್ಗುತ್ತೆ. ಪೊಳ್ಳು ಕುಗ್ಗಿದ್ರೂ ಮೊದಲೇ ಪೆಟ್ಟು ತಿಂದ ನರದ ಎಳೆ ಪೂರ್ತಿ ಸರಿ ಆಗ್ಬೇಕು ಅಂತಿಲ್ಲ. ಕೈಯ ಬಲ ಸುಧಾರಿಸಿದಷ್ಟು ಸ್ಪರ್ಶ, ಉರಿ ಸುಧಾರಿಸೋದಿಲ್ಲ. ಇದನ್ನ ಮನೆಯವರಿಗೆ ಈಗಲೇ ಹೇಳಿಡಿ, ಇಲ್ಲಾಂದ್ರೆ ದಿನಾ ಅಕ್ಕನ ಕೈ ಹಿಡಿದು "ಇವತ್ತು ಹೆಂಗೈತಿ" ಅಂತ ಕೇಳಿ ಕೇಳಿ ಅವರನ್ನೇ ಸೋಲಿಸಿಬಿಡ್ತಾರೆ.

ಕಾಯದೆ ಹೊರಡಬೇಕಾದದ್ದು ಇವು: ಗಾಯದಿಂದ ತಿಳಿನೀರು ಜಿನುಗಿ ದಿಂಬು ಒದ್ದೆ ಆಗೋದು, ಜ್ವರ, ಜೊತೆಗೆ ಬೆಳಕು ನೋಡಿದ್ರೆ ಸಂಕಟ, ಬೆಳಿಗ್ಗೆ ಏಳುವಾಗಲೇ ತಲೆನೋವು, ವಾಂತಿ, ಮಂಪರು, ನುಂಗುವಾಗ ನೆತ್ತಿಗೇರೋದು ಹೊಸದಾಗಿ ಶುರುವಾಗೋದು, ಕೈಕಾಲು ಬಲ ದಿನದಿಂದ ದಿನಕ್ಕೆ ಇಳಿಯೋದು. ಮಂಪರು ಇದ್ರೆ ಬೆಂಗಳೂರು ಬಸ್ಸು ಹುಡುಕುತ್ತಾ ಕೂರಬೇಡಿ. 108 ಕರೆದು ಹತ್ತಿರದ ಜಿಲ್ಲಾ ಮಟ್ಟದ ಆಸ್ಪತ್ರೆಗೆ ಹೋಗಿ, ಸಿ.ಟಿ. ಮೊದಲು ಆಗಲಿ. ಡಿಸ್ಚಾರ್ಜ್ ಸಮ್ಮರಿ ಕೈಯಲ್ಲೇ ಇರಲಿ.

ಫಿಸಿಯೋಥೆರಪಿಸ್ಟ್, ರಾಯಚೂರು
ಕುತ್ತಿಗಿ ಕಟ್ಟಿಗಿ ಆಗೋದಕ್ಕ ಕಾರಣ ಅದ. ಎಲುಬು ಮುಟ್ಟಬೇಕಾದ್ರ ತಲಿ ಎತ್ತಿ ಹಿಡಿಯೋ ದಪ್ಪ ಸ್ನಾಯುಗಳನ್ನ ಬುರುಡಿಯಿಂದ ಬಿಡಿಸಿ, ಕೆಲಸ ಮುಗದ ಮ್ಯಾಲೆ ವಾಪಸ್ ಹೊಲೀತಾರ. ಬೆಳಿಗ್ಗೆ ಪರವಾಗಿಲ್ಲ, ಸಂಜಿಗೆ ತಲಿ ಭಾರ ಅಂದ್ರ ಬಹಳ ಸಲ ಈ ಸ್ನಾಯು ದಣಿದದ್ದೇ. ಹನ್ನೆರಡು ವಾರದ ತನಕಾ ಇದು ಇರಬಹುದು, ಕೆಲವರಿಗೆ ಇನ್ನೂ ಉದ್ದ.

ಕಾಲರ್ ಹಾಕ್ಕೊಂಡೇ ಕೂತ್ರ ಸ್ನಾಯು ಇನ್ನೂ ಸೊರಗ್ತದ. ಸರ್ಜನ್ ಹಾಕ್ರಿ ಅಂದಿಲ್ಲಂದ್ರ ಪ್ರಯಾಣಕ್ಕಷ್ಟೇ ಸಾಕು. ವ್ಯಾಯಾಮ ಶುರು ಮಾಡಾಕ ಅವರ ಒಪ್ಪಿಗೆ ತಗೋರಿ, ಸಾಮಾನ್ಯ ಆರನೇ ವಾರದ ಸುಮಾರಿಗೆ ಕೊಡ್ತಾರ. ಮೊದಲು ಅಂಗಾತ ಮಲಗಿ ಗದ್ದ ಹಗೂರಕ ಒಳಗ ಎಳದು 5 ಸೆಕೆಂಡ್ ಹಿಡದು ಬಿಡೋದು, 10 ಸಲ, ದಿನಕ್ಕ ಮೂರು ಹೊತ್ತು. ಆಮ್ಯಾಲೆ ಕೂತು ಎರಡೂ ಹೆಗಲಿನ ಹಲಗಿ ಹಿಂದಕ್ಕ ಕೂಡಿಸೋದು. ತಲಿ ಎಡಕ್ಕ ಬಲಕ್ಕ ತಿರುವೋದು ನೋವು ಶುರುವಾಗೋ ತನಕ ಮಾತ್ರ. ತಲಿ ಪೂರಾ ಹಿಂದಕ್ಕ ಚೆಲ್ಲೋದು, ಗರಗರ ತಿರುವೋದು ಬ್ಯಾಡ.

ಒಂದು ಮಾತು ಖಡಕ್ಕಾಗಿ ಹೇಳ್ತೀನಿ. ಕಟಿಂಗ್ ಅಂಗಡ್ಯಾಗ ಕುತ್ತಿಗಿ ಲಟಕ್ ಅನಿಸೋದು, ನರ ಸರಿ ಮಾಡ್ತೀನಿ ಅಂತ ತಿಕ್ಕೋರ ಹತ್ರ ಹೋಗೋದು, ಎರಡೂ ಬ್ಯಾಡೇ ಬ್ಯಾಡ. ಆ ಜಾಗದಾಗ ಈಗ ಎಲುಬೇ ಇಲ್ಲ, ಚರ್ಮ, ಸ್ನಾಯು, ತ್ಯಾಪಿ, ಅದರ ಕೆಳಗ ಮಿದುಳು.

ಮೊದಲ ಆರು ವಾರ 2–3 ಕಿಲೋ ಮ್ಯಾಲೆ ಎತ್ತಬಾರದು. ತುಂಬಿದ ಕೊಡ ಅಂದ್ರ 12–15 ಕಿಲೋ, ನೀರಿನ ಕ್ಯಾನ್ 20. ನಳ ಬಂದಾಗ ಬ್ಯಾರೇದವರು ತುಂಬಲಿ. ರೊಟ್ಟಿ ಬಡಿಯೋದೂ ಸದ್ಯ ಬ್ಯಾಡ: ಕುತ್ತಿಗಿ ಬಗ್ಗಿಸಿ, ಹೆಗಲಿಂದ ಹೊಡತ ಕೊಡೋ ಕೆಲಸ ಅದು. ಇನ್ನೊಂದು ಅಪಾಯ ಸಿರಿಂಕ್ಸಿಂದು. ಬಿಸಿ, ನೋವು ತಿಳಿಸೋ ಎಳೆ ಮೊದಲು ಕೆಡ್ತಾವ, ಮುಟ್ಟಿದ್ದು ತಿಳೀತದ, ಸುಟ್ಟಿದ್ದು ತಿಳಿಯೂದಿಲ್ಲ. ಹಂಚಿನ ಮ್ಯಾಲಿನ ರೊಟ್ಟಿ ಬಲಗೈಲೆ ತಿರುವಿದ್ರ ಗುಳ್ಳಿ ಎದ್ದ ಮ್ಯಾಲೇ ಗೊತ್ತಾಗೋದು. ಸ್ನಾನದ ನೀರೂ ಎಡಗೈಲೆ ನೋಡ್ರಿ.

ಮೆಡಿಕಲ್ ಸ್ಟೋರ್ ಫಾರ್ಮಸಿಸ್ಟ್, ಸಿಂಧನೂರು
ಗುಳಿಗಿ ವಿಚಾರ. ಪ್ಯಾರಾಸಿಟಮಾಲ್ ಒಂದೇ ಆದ್ರ ತಿಂಗಳಿಗೆ 15 ದಿನ, ಟ್ರಮಡಾಲ್ (ಜೋರು ನೋವಿನ ಗುಳಿಗಿ) ಕೂಡಿದ್ದಾದ್ರ 10 ದಿನ ದಾಟಿ ತಿಂಗಳುಗಟ್ಟಲೆ ತಗೊಂಡ್ರ ಗುಳಿಗಿಯಿಂದಲೇ ತಲಿನೋವು ಹುಟ್ತದ. ಆಪರೇಷನ್ ನೋವಿಗೆ ಮೊದಲ ವಾರಗಳಾಗ ಬೇಕಾಗ್ತದ, ಅದು ತಪ್ಪಲ್ಲ. ಆದ್ರ ಎಣಿಕಿ ಇಡ್ರಿ. ನೆಗಡಿ ಗುಳಿಗ್ಯಾಗೂ ಪ್ಯಾರಾಸಿಟಮಾಲ್ ಇರ್ತದ, ಎರಡೂ ಕೂಡಿಸಬ್ಯಾಡ್ರಿ.

ಉರಿಗೆ ಪ್ರೆಗಾಬಾಲಿನ್ ಅಥವಾ ಗಾಬಾಪೆಂಟಿನ್ ಬರದಿದ್ರ ಮೊದಲಿಗೆ ನಿದ್ದಿ, ತಲಿ ತಿರುಗೋದು ಇರ್ತದ. ಗುಣ ಕಾಣಾಕ ಕೆಲವು ವಾರ ಬೇಕು. ತಾವಾಗೇ ಒಮ್ಮೆಲೇ ನಿಲ್ಲಿಸಬಾರದು. ಡೆಕ್ಸಾಮೆಥಸೋನ್ (ಸ್ಟೆರಾಯ್ಡ್ ಗುಳಿಗಿ) ಬರದಿದ್ರ ಅದೂ ಹಂಗ, ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಅದು ಇಳಿಯೋ ಹೊತ್ತಿಗೆ ತಲಿನೋವು, ಸಣ್ಣ ಜ್ವರ ಬಂದ್ರ ಸರ್ಜನ್‌ಗ ಫೋನ್ ಮಾಡ್ರಿ, ಡೋಸ್ ತಾವೇ ಏರಿಸಬ್ಯಾಡ್ರಿ.

ಟ್ರಮಡಾಲ್ ಮಲಬದ್ಧತಿ ಮಾಡ್ತದ, ಮುಕ್ಕಿದ್ರ ತಲಿ ಒಳಗಿನ ಒತ್ತಡ ಏರ್ತದ. ಇಸಬ್‌ಗೋಲ್ ಆದ್ರ ಮ್ಯಾಲೆ ಪೂರ್ತಿ ಲೋಟ ನೀರು ಬೇಕೇ ಬೇಕು. ನೀರಿಲ್ಲದ ಇಸಬ್‌ಗೋಲ್ ಇನ್ನೂ ಗಟ್ಟಿ ಮಾಡ್ತದ. ನಮ್ಮ ಬ್ಯಾಸಗಿ 40 ಡಿಗ್ರಿ ದಾಟ್ತದ, ನೀರು ಕಡಿಮಿ ಆದ್ರ ಅದಕ್ಕೇ ಒಂದು ತಲಿನೋವು.

ಪ್ರಶ್ನೆ ಕೇಳಿದವರು
ಬಹಳ ಉಪಕಾರ ಆತ್ರಿ. ಗಾಯದ ಬಾಜೂಕ ನಿಂಬಿಹಣ್ಣಿನಷ್ಟು ಮೆತ್ತನ ಬಾವು ಐತಿ. ಚರ್ಮ ಒಣಗೇತಿ, ಜ್ವರ ಇಲ್ಲ.

ನರ್ಸ್, ಬಳ್ಳಾರಿ
ಇದನ್ನ ಮೊದಲೇ ಹೇಳಬೇಕಿತ್ತು ನೀವು. ತೇಪೆಯ ಹೊಲಿಗೆಯಿಂದ ನೀರು ಚರ್ಮದ ಕೆಳಗೆ ಸೇರಿದ್ರೆ ಹೀಗೆ ಮೆತ್ತಗೆ ಉಬ್ಬುತ್ತೆ, ಕೆಮ್ಮಿದ್ರೆ ತುಂಬಿಕೊಳ್ಳುತ್ತೆ. ಸಣ್ಣದು ಎಷ್ಟೋ ಸಲ ತಾನೇ ಇಂಗುತ್ತೆ. ಒತ್ತಬೇಡಿ, ಊರಲ್ಲಿ ಯಾರಿಂದಲೂ ಸೂಜಿ ಹಾಕಿಸಬೇಡಿ, ಸೋಂಕು ಒಳಗೆ ಹೋಗೋ ದಾರಿ ಅದು. ಇವತ್ತೇ ಒಂದು ಫೋಟೋ ತೆಗೆದು ಸರ್ಜನ್‌ಗೆ ಕಳಿಸಿ, ಆಮೇಲೆ ಎರಡು ದಿನಕ್ಕೊಮ್ಮೆ ಅದೇ ಕೋನದಿಂದ ತೆಗೀರಿ. ಬೆಳೀತಿದ್ರೆ, ಬಿಗಿ ಆದ್ರೆ, ಕೂತಾಗ ಮಾತ್ರ ತಲೆನೋವು ಬಂದು ಮಲಗಿದ್ರೆ ಹೋದ್ರೆ, ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯಬೇಡಿ.

ಎಂ.ಆರ್.ಐ. ಟೆಕ್ನಿಷಿಯನ್, ಕೊಪ್ಪಳ
ಸ್ಕ್ಯಾನ್ ಸಾಮಾನ್ಯ 3ರಿಂದ 6 ತಿಂಗಳಿಗೆ ಮಾಡಸ್ತಾರ. ಹಳೇ ಸಿ.ಡಿ. ತಗೊಂಡೇ ಬರ್ರಿ, ಹೋಲಿಸಿ ನೋಡದಿದ್ರ ಸಿರಿಂಕ್ಸ್ ಕುಗ್ಗೇತೋ ಇಲ್ಲೋ ಹೇಳಾಕ ಬರೂದಿಲ್ಲ. ರಿಪೋರ್ಟಿನಾಗ ಟಾನ್ಸಿಲ್ (ಗಂಟಲಿಂದಲ್ಲ, ಚಿಕ್ಕ ಮಿದುಳಿನ ಕೆಳತುದಿ) ಇಷ್ಟು ಮಿ.ಮೀ. ಕೆಳಗ ಐತಿ ಅಂತ ಮತ್ತ ಬರದಿದ್ರ ಗಾಬರಿ ಆಗಬ್ಯಾಡ್ರಿ. ಆಪರೇಷನ್ ಜಾಗ ಅಗಲ ಮಾಡೋದು. ಟಾನ್ಸಿಲ್ ಪೂರಾ ಮ್ಯಾಲೆ ಏರಲೇಬೇಕು ಅಂತಿಲ್ಲ.

ಫಿಸಿಯೋಥೆರಪಿಸ್ಟ್, ರಾಯಚೂರು
ಟೇಲರಿಂಗ್ ಮಾತು ಹೇಳೋದು ಬಿಟ್ಟಿದ್ದೆ. ಆ ಬಾವು ಸರ್ಜನ್ ನೋಡಿ ಸರಿ ಅಂದ ಮ್ಯಾಲೆ, ಮೂರನೇ ತಿಂಗಳಿಂದ, 20 ನಿಮಿಷ ಕೂತು 10 ನಿಮಿಷ ಎದ್ದು. ಸ್ಟೂಲ್ ಎರಡು ಇಂಚು ತಗ್ಗಿಸಿದ್ರ ಬಟ್ಟಿ ಕಣ್ಣಿಗೆ ಹತ್ರ ಬರ್ತದ, ಕುತ್ತಿಗಿ ಕಡಿಮಿ ಬಗ್ತದ. ಕಟಿಂಗ್ ನೆಲದ ಮ್ಯಾಲೆ ಬ್ಯಾಡ, ಸೊಂಟದ ಎತ್ತರದ ಟೇಬಲ್ ಮ್ಯಾಲೆ. ಇಸ್ತ್ರಿ ಎಡಗೈಲೆ, ಇಲ್ಲಂದ್ರ ಬ್ಯಾರೇದವರು. ಅಂಗಡಿಗೆ ಗಾಡಿ ಮ್ಯಾಲೆ ಹೋಗೋದಿದ್ರ ಹೆಲ್ಮೆಟ್ಟಿನ ಹಿಂದಿನ ಅಂಚು ನೆಟ್ಟಗ ಗಾಯದ ಮ್ಯಾಲೇ ಕೂಡ್ತದ, ಸದ್ಯ ಆಟೋದಾಗ ಹೋಗಲಿ.