‘ಗುಣವಾದವರು’ ಎನ್ನಬಹುದೇ? ಖಿನ್ನತೆಯ ‘ರೆಮಿಷನ್’ಗೆ ಒಂದು ಪದ ಬೇಕಾಗಿದೆ

ಬಲ್ಲವರಲ್ಲಿ ಒಂದು ಕೇಳಿಕೆ. ಖಿನ್ನತೆಯ ಲಕ್ಷಣಗಳು ಸದ್ಯಕ್ಕೆ ಇಲ್ಲವೆನ್ನುವಷ್ಟು ಇಳಿದಿರುವ ಸ್ಥಿತಿಗೆ ಇಂಗ್ಲಿಷಿನಲ್ಲಿ ‘ರೆಮಿಷನ್’ ಎನ್ನುತ್ತಾರೆ, ಅದಕ್ಕೆ ಕನ್ನಡದ ಪದ ಹುಡುಕುತ್ತಿದ್ದೇನೆ.

ಮಾಸಪತ್ರಿಕೆಯೊಂದಕ್ಕೆ ಲೇಖನ ಬರೆಯುತ್ತಿದ್ದೇನೆ. ಖಿನ್ನತೆ ಬಂದು ಹೋದವರ ಮೆದುಳು, ಅದು ಎಂದೂ ಬಾರದವರ ಮೆದುಳಿಗಿಂತ ಬೇರೆ ರೀತಿ ನಡೆದುಕೊಳ್ಳುತ್ತದೆಯೇ ಎಂಬುದು ವಿಷಯ. ಮೊದಲ ಕರಡಿನಲ್ಲಿ ‘ಖಿನ್ನತೆಯಿಂದ ಗುಣವಾದವರು’ ಎಂದು ಹನ್ನೆರಡು ಕಡೆ ಬರೆದಿದ್ದೆ. ಓದಿದ ವೈದ್ಯ ಗೆಳೆಯರೊಬ್ಬರು ಹನ್ನೆರಡಕ್ಕೂ ಕೆಂಪು ಗೆರೆ ಎಳೆದು ಕಳಿಸಿದರು. ಅಂಚಿನಲ್ಲಿ ಒಂದೇ ಸಾಲು: ‘ಪೂರ್ತಿ ಗುಣವಾಗಿದ್ದರೆ ನಿಮ್ಮ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲವಲ್ಲ?’

ಮಾತು ಸರಿ. ಲೇಖನದ ನಡುವೆ ಇರುವುದು 2002ರಲ್ಲಿ ಮಾರಿಯೋ ಲಿಯೊಟ್ಟಿ, ಹೆಲೆನ್ ಮೇಬರ್ಗ್ ಮತ್ತು ಜೊತೆಗಾರರು ಪ್ರಕಟಿಸಿದ ಒಂದು ಅಧ್ಯಯನ. ಖಿನ್ನತೆಯ ಲಕ್ಷಣಗಳು ಹೋಗಿ ಚೆನ್ನಾಗಿದ್ದವರು, ಆಗಲೂ ಖಿನ್ನತೆಯಲ್ಲೇ ಇದ್ದವರು, ಎಂದೂ ಖಿನ್ನತೆ ಕಾಣದವರು ಎಂದು ಮೂರು ಗುಂಪು. ತಮ್ಮ ಬಾಳಿನ ದುಃಖದ ಘಟನೆಯೊಂದನ್ನು ನೆನೆಯಿರಿ ಎಂದು ಹೇಳಿ, ಪೆಟ್ ಸ್ಕ್ಯಾನ್‌ನಲ್ಲಿ ಮೆದುಳಿನ ರಕ್ತಹರಿವನ್ನು ಅಳೆದರು. ಕಣ್ಣಿನ ಗೂಡಿನ ಮೇಲೆ, ಹಣೆಯ ಹಿಂದೆ ನಡುಭಾಗದಲ್ಲಿರುವ ಮೆದುಳಿನ ಪದರದಲ್ಲಿ ರಕ್ತಹರಿವು ಇಳಿಯಿತು. ಖಿನ್ನತೆಯಲ್ಲಿದ್ದವರಲ್ಲೂ ಇಳಿಯಿತು, ‘ಗುಣವಾದವರಲ್ಲೂ’ ಇಳಿಯಿತು. ಎಂದೂ ಖಿನ್ನತೆ ಬಾರದವರಲ್ಲಿ ಇಳಿಯಲಿಲ್ಲ. ನಗುನಗುತ್ತ ಬಂದು ಯಂತ್ರದೊಳಗೆ ಮಲಗಿದವರ ಮೆದುಳು, ಒಂದು ನೆನಪು ತಾಗಿದೊಡನೆ ಹಳೆಯ ದಾರಿಯನ್ನೇ ಹಿಡಿಯಿತು. ಇಂಥವರನ್ನು ನಾನು ‘ಗುಣವಾದವರು’ ಎಂದು ಕರೆಯುತ್ತಿದ್ದೆ!

ಇಂಗ್ಲಿಷಿನವರು ಇದನ್ನು ಸಭೆ ಸೇರಿಯೇ ಬಗೆಹರಿಸಿಕೊಂಡಿದ್ದಾರೆ. 1991ರಲ್ಲಿ ಎಲೆನ್ ಫ್ರ್ಯಾಂಕ್ ಮತ್ತು ಸಹಲೇಖಕರು ಐದು ಪದಗಳಿಗೆ ಗಡಿ ಹಾಕಿದರು. ಔಷಧಕ್ಕೆ ಸ್ಪಂದಿಸಿದರೆ ರೆಸ್ಪಾನ್ಸ್. ಲಕ್ಷಣಗಳು ಇಲ್ಲವೆನ್ನುವಷ್ಟು ಇಳಿದರೆ ರೆಮಿಷನ್. ಆ ಸ್ಥಿತಿ ಸಾಕಷ್ಟು ಕಾಲ ನಿಂತರೆ ರಿಕವರಿ. ರಿಕವರಿಗೆ ಮುಂಚೆಯೇ ತಿರುಗಿ ಬಂದರೆ ರಿಲ್ಯಾಪ್ಸ್, ರಿಕವರಿಯ ನಂತರ ಬಂದರೆ ರಿಕರೆನ್ಸ್, ಅಂದರೆ ಹೊಸದೇ ಒಂದು ಸರದಿ. ಇದರಲ್ಲಿ ರೆಮಿಷನ್ ಎಂಬುದನ್ನು ಬಹುಪಾಲು ಅಂಕೆಯಲ್ಲೇ ತೀರ್ಮಾನಿಸುತ್ತಾರೆ. ಖಿನ್ನತೆಯ ತೀವ್ರತೆಯನ್ನು ಅಳೆಯಲು ಮ್ಯಾಕ್ಸ್ ಹ್ಯಾಮಿಲ್ಟನ್ 1960ರಲ್ಲಿ ರೂಪಿಸಿದ ಅಳತೆಪಟ್ಟಿಯ 17 ಪ್ರಶ್ನೆಗಳ ಆವೃತ್ತಿಯಲ್ಲಿ 7 ಅಂಕ ಅಥವಾ ಅದಕ್ಕಿಂತ ಕಡಿಮೆ ಬಂದರೆ ರೆಮಿಷನ್ ಎನ್ನುವುದು ರೂಢಿ. ರೋಗ ಹೋಯಿತು ಎಂದು ಆ ಪದ ಹೇಳುವುದಿಲ್ಲ. ಸದ್ಯ ಕಾಣುತ್ತಿಲ್ಲ ಎನ್ನುತ್ತದೆ, ಅಷ್ಟೆ.

ಇನ್ನು ನಮ್ಮ ಪೆಟ್ಟಿಗೆಯಲ್ಲಿ ಏನಿದೆ ಎಂದು ಹುಡುಕಿದೆ.

‘ಗುಣಮುಖ’ ಮೊದಲು ಕೈಗೆ ಸಿಕ್ಕಿತು. ನನಗೆ ಈ ಪದದ ಮೇಲೆ ಹೊಸ ಪ್ರೀತಿ ಹುಟ್ಟಿದೆ. ಇಳಿಮುಖ, ಏರುಮುಖ ಎನ್ನುವಾಗ ‘ಮುಖ’ಕ್ಕಿರುವ ಅರ್ಥ ದಿಕ್ಕು. ಬೆಲೆ ಇಳಿಮುಖವಾಗಿದೆ ಎಂದರೆ ಇಳಿದು ಮುಗಿದಿದೆ ಎಂದಲ್ಲ. ಹಾಗೆ ನೋಡಿದರೆ ಗುಣಮುಖರು ಎಂದರೆ ಗುಣದ ಕಡೆ ಮುಖ ಮಾಡಿದವರು, ಇನ್ನೂ ದಾರಿಯಲ್ಲಿರುವವರು. ರೆಸ್ಪಾನ್ಸ್‌ಗೆ ಎಷ್ಟು ಚೆನ್ನಾಗಿ ಒಪ್ಪುತ್ತಿತ್ತು! ಆದರೆ 2020ರಲ್ಲಿ ಕೋವಿಡ್ ಪ್ರಕಟಣೆಗಳು ದಿನಬೆಳಗಾದರೆ ‘ಇಂದು ಇಷ್ಟು ಮಂದಿ ಗುಣಮುಖ’ ಎಂದು ಆಸ್ಪತ್ರೆಯಿಂದ ಹೊರಬಂದವರ ಲೆಕ್ಕ ಕೊಟ್ಟವು. ಮೊದಲೇ ಸವೆದಿದ್ದ ದಿಕ್ಕಿನ ಅರ್ಥ ಅಲ್ಲಿಗೆ ಪೂರ್ತಿ ಅಳಿಸಿಹೋಯಿತು.

‘ವಾಸಿ’ಯದೂ ಇಂಥದೇ ಕಥೆ. ‘ಅದಕ್ಕಿಂತ ಇದೇ ವಾಸಿ’ ಎಂದಾಗ ಅದು ಹೋಲಿಕೆಯ ಮಾತು. ಒಂದಕ್ಕಿಂತ ಒಂದು ಮೇಲು ಎನ್ನುತ್ತದೆ. ತೆಲುಗಿನವರು ವಾಸಿಯನ್ನು ಗುಣಮಟ್ಟ, ಹಿರಿಮೆ ಎಂಬ ಅರ್ಥದಲ್ಲಿ ಬಳಸುತ್ತಾರೆ. ನಾವು ‘ಕಾಯಿಲೆ ವಾಸಿಯಾಯಿತು’ ಎಂದೊಡನೆ ಹೋಲಿಕೆ ಮಾಯವಾಗಿ ತೀರ್ಪು ಬಂದು ಕೂರುತ್ತದೆ. ‘ನಿನ್ನೆಗಿಂತ ವಾಸಿ’ ಎಂದು ರೋಗಿ ಹೇಳುವುದಕ್ಕೂ ‘ವಾಸಿಯಾಗಿದೆ’ ಎಂದು ವೈದ್ಯರು ಹೇಳುವುದಕ್ಕೂ ನಡುವೆ ಇರುವ ಜಾಗವೇ ರೆಮಿಷನ್. ಅದಕ್ಕೇ ಹೆಸರಿಲ್ಲ.

‘ಉಪಶಮನ’ವನ್ನು ನಿಘಂಟು ನೋಡುವವರು ಸೂಚಿಸಿಯೇ ಸೂಚಿಸುತ್ತೀರಿ. ತಾತ್ವಿಕವಾಗಿ ತಕರಾರಿಲ್ಲ. ಆದರೆ ಪತ್ರಿಕೆಗಳಲ್ಲಿ ‘ಉಪಶಾಮಕ ಆರೈಕೆ’ ಎಂದರೆ ಗುಣವಾಗದ ಕಾಯಿಲೆಯವರ ನೋವು ತಗ್ಗಿಸುವ ಚಿಕಿತ್ಸೆ. ಖಿನ್ನತೆ ಇಳಿದು ಕೆಲಸಕ್ಕೆ ಮರಳಿದವರನ್ನು ಆ ಸಾಲಿಗೆ ಸೇರಿಸಲು ಮನಸ್ಸು ಬರುತ್ತಿಲ್ಲ. ‘ಚೇತರಿಕೆ’ಯನ್ನು ರಿಕವರಿಗೆ ಎತ್ತಿಟ್ಟಿದ್ದೇನೆ, ಷೇರುಪೇಟೆಯವರು ಅದನ್ನು ಎಷ್ಟೇ ಎಳೆದಾಡಿದರೂ ಮೂರ್ಛೆಯಿಂದ ಎದ್ದ ಹಳೆಯ ವಾಸನೆ ಇನ್ನೂ ಉಳಿದಿದೆ. ‘ಮರುಕಳಿಸು’ ರಿಲ್ಯಾಪ್ಸ್‌ಗೆ ಹೇಳಿ ಮಾಡಿಸಿದ ಪದ, ಅದನ್ನು ಚರ್ಚಿಸುವುದೇ ಬೇಡ.

ಉಳಿದದ್ದು ‘ಬಿಡು’. ‘ಜ್ವರ ಬಿಟ್ಟಿದೆ’ ಎನ್ನುತ್ತೇವೆ. ‘ಮಳೆ ಬಿಟ್ಟಿದೆ’ ಎನ್ನುತ್ತೇವೆ. ‘ಮಳೆ ತುಸು ಬಿಡುವು ಕೊಟ್ಟಿದೆ’ ಎನ್ನುವಾಗ ಛತ್ರಿಯನ್ನು ಯಾರೂ ಅಟ್ಟಕ್ಕೆ ಎಸೆಯುವುದಿಲ್ಲ. ರೆಮಿಷನ್‌ನ ಮೂಲದಲ್ಲಿರುವ ಲ್ಯಾಟಿನ್ ಕ್ರಿಯಾಪದಕ್ಕೂ ಹಿಂದಕ್ಕೆ ಕಳಿಸು, ಸಡಿಲಬಿಡು ಎಂಬ ಅರ್ಥಗಳೇ ಇವೆ. ‘ಬಿಡುವು’ ಎಂದುಬಿಡೋಣ ಎಂದು ಖುಷಿಯಲ್ಲಿ ಕರಡು ತಿದ್ದಲು ಕುಳಿತೆ. ಎರಡನೆಯ ವಾಕ್ಯದಲ್ಲೇ ಮುಗ್ಗರಿಸಿದೆ.

ತೊಡಕು ಇರುವುದು ವ್ಯಾಕರಣದಲ್ಲಿ. ‘ಜ್ವರ ಬಿಟ್ಟಿತು’ ಎಂಬಲ್ಲಿ ಬಿಟ್ಟದ್ದು ಜ್ವರ. ‘ಬೀಡಿ ಬಿಟ್ಟ’ ಎಂಬಲ್ಲಿ ಬಿಟ್ಟವನು ಮನುಷ್ಯ. ಇವನ್ನು ‘ಖಿನ್ನತೆ ಬಿಟ್ಟವರು’ ಎಂದು ಹೆಣೆದರೆ ಯಾರು ಯಾರನ್ನು ಬಿಟ್ಟರೆಂದು ಹೇಳುವ ಗುರುತು ಆ ಕೃದಂತದಲ್ಲಿ ಇಲ್ಲ. ಓದುಗರ ಕಿವಿಗೆ ಮೊದಲು ಕೇಳುವುದು ಬೀಡಿಯ ಅರ್ಥವೇ. ಬೇರೆ ಯಾವುದಾದರೂ ಕಾಯಿಲೆಯಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಖಿನ್ನತೆಯವರು ಬಂಧುಬಳಗದಿಂದ ಹಗಲಿರುಳು ಕೇಳುವುದೇ ‘ಅದನ್ನೆಲ್ಲ ತಲೆಯಿಂದ ಬಿಟ್ಟುಬಿಡು’ ಎಂಬ ಉಪದೇಶವನ್ನು. ಅದನ್ನು ನನ್ನ ಲೇಖನವೂ ಹೇಳಿದಂತಾಗುತ್ತದೆ. ‘ಬಿಡುವಿನಲ್ಲಿರುವವರು’ ಎಂದರೆ ಇನ್ನೂ ಚಂದ, ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅಡ್ಡಾದವರು ಎಂದಾಗುತ್ತದೆ.

‘ರೋಗಬಿಡುವು’ ಎಂದು ಸಮಾಸ ಮಾಡಿ, ಜನರನ್ನು ‘ರೋಗಬಿಡುವಿನ ಹಂತದಲ್ಲಿರುವವರು’ ಎಂದು ಕರೆದರೆ ಹೇಗೆ? ಸಂಸ್ಕೃತದ ರೋಗಕ್ಕೆ ಕನ್ನಡದ ಬಿಡುವನ್ನು ಗಂಟು ಹಾಕಿದ್ದಕ್ಕೆ ಅರಿಸಮಾಸವೆಂದು ಮೂಗು ಮುರಿಯುವವರಿಗೆ ಈಗಲೇ ಶರಣು. ನನಗೆ ಅರ್ಥ ತಲುಪಿದರೆ ಸಾಕು.

ಇನ್ನೊಂದು ಸಾಧ್ಯತೆಯ ಬಗ್ಗೆ ಮಲೆನಾಡಿನವರು ಹೇಳಬೇಕು. ಮಳೆ ನಡುವೆ ನಿಂತು ಬಾನು ತಿಳಿಯಾದಾಗ ಅಲ್ಲಿ ‘ಹೊಳವಾಯಿತು’ ಎನ್ನುತ್ತಾರೆ. ಕಾಯಿಲೆಗೂ ಈ ಮಾತನ್ನು ಬಳಸಿದ್ದನ್ನು ಯಾರಾದರೂ ಕೇಳಿದ್ದೀರಾ? ‘ಹೊಳವು’ ಎಂದರೆ ಮತ್ತೆ ಮಳೆ ಬರಬಹುದೆಂಬ ಎಚ್ಚರವೂ ಇದೆ, ಬೆಳಕೂ ಇದೆ.

ಇದೇ ಲೇಖನದಲ್ಲಿ ಸಿಕ್ಕಿಬಿದ್ದಿರುವ ಇನ್ನೊಂದು ಪದವನ್ನೂ ಹೇಳಿಬಿಡುತ್ತೇನೆ. 2011ರಲ್ಲಿ ಟೊರಾಂಟೋದ ನಾರ್ಮನ್ ಫಾರ್ಬ್, ಜಿಂಡೆಲ್ ಸೀಗಲ್ ಮತ್ತಿತರರು ರೆಮಿಷನ್‌ನಲ್ಲಿದ್ದ 16 ಜನರಿಗೆ ದುಃಖದ ಚಿತ್ರತುಣುಕುಗಳನ್ನು ತೋರಿಸಿ, ಮೆದುಳಿನ ಯಾವ ಭಾಗ ಚುರುಕಾಗುತ್ತದೆಂದು ತೋರಿಸುವ ಎಫ್‌ಎಂಆರ್‌ಐ ಸ್ಕ್ಯಾನ್ ಮಾಡಿದರು. ಮುಂದಿನ 18 ತಿಂಗಳಲ್ಲಿ 10 ಜನರಿಗೆ ಖಿನ್ನತೆ ಮರುಕಳಿಸಿತು. ದುಃಖದ ದೃಶ್ಯಕ್ಕೆ ಹಣೆಯ ಹಿಂಬದಿಯ ನಡುಭಾಗ ಹೆಚ್ಚು ಸ್ಪಂದಿಸಿದ್ದವರಲ್ಲಿ ಮರುಕಳಿಸಿದ್ದು ಹೆಚ್ಚು. ನೋಟಕ್ಕೆ ಸಂಬಂಧಿಸಿದ ಹಿಂಭಾಗ ಸ್ಪಂದಿಸಿದ್ದವರು ಹೆಚ್ಚಾಗಿ ಚೆನ್ನಾಗಿಯೇ ಉಳಿದರು. ಹಣೆಯ ಹಿಂಬದಿಯ ಆ ಸ್ಪಂದನವನ್ನು ಅವರು ‘ರೂಮಿನೇಷನ್’ ಜೊತೆ, ಅಂದರೆ ನೋವಿನ ವಿಚಾರವನ್ನೇ ಮತ್ತೆ ಮತ್ತೆ ಮನಸ್ಸಿನಲ್ಲಿ ತಿರುವಿಹಾಕುವುದರ ಜೊತೆ ಜೋಡಿಸುತ್ತಾರೆ. ಹಸು ಮೆಲುಕು ಹಾಕುವುದರಿಂದಲೇ ಹುಟ್ಟಿದ ಮಾತು ಅದು. ‘ಮೆಲುಕು’ ಎಂದು ಅನುವಾದಿಸಿದರೆ ಮಾತಿಗೆ ಮಾತು ಸರಿ. ಆದರೆ ಕನ್ನಡದಲ್ಲಿ ನಾವು ಮೆಲುಕು ಹಾಕುವುದು ಸವಿನೆನಪುಗಳನ್ನು. ನಿವೃತ್ತರ ಸನ್ಮಾನದಲ್ಲಿ, ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ಬರುವ ಪದ. ‘ಮೆಲುಕು ಹಾಕುವವರಿಗೆ ಖಿನ್ನತೆ ಮರುಕಳಿಸುತ್ತದೆ’ ಎಂದು ಅಚ್ಚಾದರೆ ಅರ್ಧ ಓದುಗರು ಬೆಚ್ಚಿಬೀಳುತ್ತಾರೆ. ಸದ್ಯಕ್ಕೆ ‘ಕೊರಗು’ ಎಂದು ಹಾಕಿದ್ದೇನೆ. ಅದರಲ್ಲಿ ದುಃಖವಿದೆ, ಒಂದನ್ನೇ ಮತ್ತೆ ಮತ್ತೆ ಜಗಿಯುವುದು ಅಷ್ಟಾಗಿ ಕಾಣುವುದಿಲ್ಲ. ‘ಮನಸ್ಸಿಗೆ ಹಚ್ಚಿಕೊಳ್ಳುವುದು’ ಹತ್ತಿರ ಬರುತ್ತದೆ, ನಾಮಪದವಾಗಲು ಒಲ್ಲೆನೆನ್ನುತ್ತದೆ.

‘ಖಿನ್ನತೆ’ಯನ್ನು ಹಾಗೇ ಉಳಿಸಿಕೊಂಡಿದ್ದೇನೆ. ಹಿಂದಿಯವರ ‘ಅವಸಾದ’ಕ್ಕೂ ನಮ್ಮ ‘ವಿಷಾದ’ಕ್ಕೂ ಧಾತು ಒಂದೇ, ಕುಸಿಯುವ ಅರ್ಥವೂ ಸೊಗಸು. ಆದರೆ ನಮ್ಮಲ್ಲಿ ವಿಷಾದವನ್ನು ಮಂತ್ರಿಗಳು ವ್ಯಕ್ತಪಡಿಸುತ್ತಾರೆ.

ಬರುವ ಶುಕ್ರವಾರ ಕರಡು ಕೊಡಬೇಕು. ರೋಗಬಿಡುವು, ಹೊಳವು, ಅಥವಾ ನೇರವಾಗಿ ರೆಮಿಷನ್: ಮೂರರಲ್ಲಿ ಯಾವುದನ್ನು ಉಳಿಸಿಕೊಳ್ಳಲಿ? ಖಿನ್ನತೆಯನ್ನು ಅನುಭವಿಸಿ ಬಂದವರು ಇಲ್ಲಿದ್ದರೆ ಅವರ ಅಭಿಪ್ರಾಯ ನನಗೆ ನಿಘಂಟಿಗಿಂತ ಹೆಚ್ಚು. ‘ಬಿಡುವು’ ಎಂಬ ಮಾತು ಕೇಳಿದಾಗ ನಿಮಗೆ ಹಗುರವಾಗುತ್ತದೆಯೇ, ಇಲ್ಲಾ ಮತ್ತೆ ಬರುತ್ತದೆ ಎಂದು ಯಾರೋ ಹೆದರಿಸಿದಂತಾಗುತ್ತದೆಯೇ?