ಉಮಾಬಾಯಿ ಕುಂದಾಪುರ ಅವರನ್ನು ಕಂಡವರು ಇದ್ದೀರಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮ ಓಣಿಯ ಹೆಣ್ಣುಮಕ್ಕಳೆಲ್ಲ ಸೇರಿ ಸ್ವಾತಂತ್ರ್ಯ ಹೋರಾಟಗಾರ್ತಿ ಉಮಾಬಾಯಿ ಕುಂದಾಪುರ ಅವರ ನೆನಪಿಗೆ ಒಂದು ಸಣ್ಣ ಪ್ರದರ್ಶನ ಮಾಡುತ್ತಿದ್ದೇವೆ. ಹುಬ್ಬಳ್ಳಿಯ ಹಿರಿಯರ ಸಹಾಯ ಬೇಕಿತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. 1892ರಲ್ಲಿ ಹುಟ್ಟಿ 1992ರಲ್ಲಿ ತೀರಿಕೊಂಡರು. ಗಂಡ ಹೋದ ಮೇಲೆ ಮಾವನ ಜೊತೆ ಹುಬ್ಬಳ್ಳಿಗೆ ಬಂದರು, ಆ ಕಾಲದ ವಿಧವೆಯರ ಹಾಗೆ ಮೂಲೆ ಸೇರಲಿಲ್ಲ. ಭಗಿನಿ ಮಂಡಳ ಅನ್ನೋ ಹೆಂಗಸರ ಸಂಘ ಕಟ್ಟಿದರು, ತಿಲಕ ಕನ್ಯಾಶಾಲೆ ನಡೆಸಿದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಸ್ವಯಂಸೇವಕಿಯರು ಬೇಕಾದಾಗ ಊರೂರು ಅಲೆದು, ಮನೆ ಹೊಸಿಲು ದಾಟದ ಹೆಂಗಸರನ್ನೂ ಒಪ್ಪಿಸಿ ಕರೆತಂದರು, ಇದು ಸುಮ್ನೆ ಆಗುವ ಕೆಲಸ ಅಲ್ಲ ಅಲ್ವಾ? 1932ರಲ್ಲಿ ಯರವಡಾ ಜೈಲು. 1934ರ ಭೂಕಂಪದಲ್ಲಿ ಬಿಹಾರಕ್ಕೇ ಹೋಗಿ ನಿರಾಶ್ರಿತರ ಸೇವೆ. 1942ರಲ್ಲಿ ಭೂಗತ ಹೋರಾಟಗಾರರಿಗೆ ಅವರ ಮನೆಯಲ್ಲೇ ಅನ್ನ, ಆಸರೆ. ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರ, ಪಿಂಚಣಿ ಯಾವುದನ್ನೂ ಬಯಸಲಿಲ್ಲ. ಇಂಥವರ ಹೆಸರು ಹೇಳಿದರೆ ಈಗಿನ ಮಕ್ಕಳು "ಯಾರು?" ಅಂತ ಕೇಳುತ್ತಾರೆ, ನನಗೆ ಅದೇ ಜಾಸ್ತಿ ನೋವು.

ನಿಮ್ಮ ಅಜ್ಜಿಯೋ ಅತ್ತೆಯೋ ತಿಲಕ ಕನ್ಯಾಶಾಲೆಯಲ್ಲಿ ಓದಿದ್ದರೆ, ಅಥವಾ ಉಮಾಬಾಯಿಯವರ ಕೊನೆಗಾಲದಲ್ಲಿ ಯಾರಾದರೂ ಅವರನ್ನು ಮಾತಾಡಿಸಿದ್ದರೆ ದಯವಿಟ್ಟು ಇಲ್ಲೇ ಬರೆಯಿರಿ. ಸೇವಾದಳದ (ಕಾಂಗ್ರೆಸ್ಸಿನ ಸ್ವಯಂಸೇವಕರ ದಳ) ಹೆಂಗಸರ ಹಳೆಯ ಫೋಟೋ ಇದ್ದರೂ ಸಾಕು. ಮೂಲ ಪ್ರತಿ ಕೊಡಬೇಡಿ, ಬೆಳಕಿನಲ್ಲಿಟ್ಟು ಮೊಬೈಲಿನಲ್ಲಿ ತೆಗೆದು ಕಳಿಸಿ, ಫೋಟೋದಲ್ಲಿರುವವರ ಹೆಸರು ಗೊತ್ತಿದ್ದರೆ ಅದನ್ನೂ ಸೇರಿಸಿ.