ಓವರ್‌ಫ್ಲೋಗೆ ಕನ್ನಡದಲ್ಲಿ ಏನೆನ್ನಲಿ? ಸಂಜೆಯೊಳಗೆ ಬೇಕು

ತುಮಕೂರಿನಿಂದ:
ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಅನ್ನು ಯಂತ್ರಭಾಷೆಗೆ ತರುವ ಕಂಪೈಲರ್ ಒಂದರ ತಿದ್ದುಪಡಿ ಟಿಪ್ಪಣಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರ ಪ್ರೀಪ್ರೊಸೆಸರ್, ಅಂದರೆ ಅದಕ್ಕೂ ಮೊದಲು ಪ್ರೋಗ್ರಾಂ ಅನ್ನು ಅಣಿಗೊಳಿಸುವ ಭಾಗ, ಷರತ್ತು ಹಾಕುವ 'ಇಫ್' ಸಾಲಿನ ಪೂರ್ಣಾಂಕಗಳ ಲೆಕ್ಕವನ್ನು 32 ಬಿಟ್‌ಗಳಲ್ಲಿ (ಸೊನ್ನೆ ಅಥವಾ ಒಂದು ಹಿಡಿಯುವ ಮನೆಗಳಲ್ಲಿ) ಮಾಡುತ್ತಿತ್ತು. 1999ರ ಮಾನಕದ ಪ್ರಕಾರ ಕನಿಷ್ಠ 64 ಬೇಕು. 32ರಲ್ಲಿ ಹಿಡಿಸುವ ಅತಿ ದೊಡ್ಡ ಚಿಹ್ನೆಯುಳ್ಳ ಸಂಖ್ಯೆಯಾದ 2147483647ಕ್ಕೆ ಒಂದು ಕೂಡಿದರೆ, ಜಾಗ ಸಾಲದೆ ಉತ್ತರ ಋಣಸಂಖ್ಯೆಯಾಗುತ್ತಿತ್ತು. ಈ ಓವರ್‌ಫ್ಲೋಗೆ 'ಉಕ್ಕುವಿಕೆ' ಎಂದರೆ ಗೃಹಪ್ರವೇಶದ ಹಾಲು ನೆನಪಾಗುತ್ತದೆ. 'ಕೋಡಿ' ಆಗಬಹುದೇ?

ಕೋಲಾರದಿಂದ:
ಬೇಡ. ಮುಳಬಾಗಿಲಿನ ಕಡೆ ತೆಲುಗು ಆಡುವವರು ಬಹಳ. ಅವರಿಗೆ ಕೋಡಿ ಎಂದರೆ ಕೋಳಿ. ಕಂಪೈಲರನ್ನು 'ಸಂಕಲಕ' ಮಾಡದೆ ಬಿಟ್ಟಿರಲ್ಲ, ಸದ್ಯ. ಸಂಕಲನ ಎಂದರೆ ಕೂಡುವುದು ಎಂದು ಶಾಲೆಯಲ್ಲಿ ಕಲಿತವರು, ಕೂಡುವುದೇ ತಪ್ಪಿದ ಟಿಪ್ಪಣಿಯಲ್ಲಿ ಅದನ್ನು ಓದಿ ನಗುತ್ತಿದ್ದರು.

ಚಿಕ್ಕಬಳ್ಳಾಪುರದಿಂದ:
ಕೋಳಿಗೆ ಹೆದರಿ ಕನ್ನಡ ಬಿಡಬೇಕೇ? ಕೋಡಿ ಅಚ್ಚಗನ್ನಡ. ಕೆರೆಯ ಏರಿಯ ಕೊನೆಗೆ ಕೋಡಿನಂತೆ ಚಾಚಿಕೊಂಡಿರುವುದರಿಂದ ಆ ಹೆಸರು ಬಂದಿರಬಹುದು ಎಂಬ ನನ್ನ ಊಹೆಯನ್ನು ಹಿಂದೆಯೂ ಬರೆದಿದ್ದೆ, ಯಾರೂ ಗಮನಿಸಲಿಲ್ಲ. ಪೂರ್ಣಾಂಕ, ಮಾನಕ, ಋಣಸಂಖ್ಯೆ: ಇವುಗಳಲ್ಲಿ ಕನ್ನಡ ಎಲ್ಲಿದೆ? ಪೂರ್ಣಾಂಕಕ್ಕೆ 'ಇಡಿಯೆಣಿಕೆ' ಎಂದು ಬರೆಯಿರಿ.

ಕೋಲಾರದಿಂದ:
ಇಡಿಯೆಣಿಕೆಯನ್ನು ನೀವು ಬರೆಯಿರಿ, ನೀವೇ ಓದಿಕೊಳ್ಳಿ. ಬಿಟ್ ಯಾವ ಕನ್ನಡ? ಅದನ್ನು ಮಾತ್ರ ಸದ್ದಿಲ್ಲದೆ ನುಂಗಿದಿರಿ.

ಶಿರಾದಿಂದ:
ಕೋಡಿ ಸೊಗಸಾದ ಪದ, ಆದರೆ ಇಲ್ಲಿಗೆ ತಪ್ಪು. ಕೋಡಿ ಬಿದ್ದ ಕೆರೆ ತುಂಬಿಯೇ ಇರುತ್ತದೆ, ಹೆಚ್ಚಾದ ನೀರಷ್ಟೇ ಹೊರಗೆ ಹೋಗುತ್ತದೆ. ಊರಿನವರು ಬಾಗಿನ ಬಿಡುತ್ತಾರೆ. ನಿಮ್ಮ ಕೆರೆ ತುಂಬಿದ ಮರುಕ್ಷಣವೇ ತಳಕ್ಕಿಂತ ಕೆಳಗೆ ಇಳಿದಿದೆ! ಗರಿಷ್ಠ ಸಂಖ್ಯೆ ಮುಟ್ಟಿ ಅಲ್ಲಿಯೇ ನಿಲ್ಲುವ ಲೆಕ್ಕವೂ ಉಂಟು, ಸದ್ದು ಮತ್ತು ಚಿತ್ರಗಳ ಕೆಲಸದಲ್ಲಿ ಬಳಸುತ್ತಾರೆ. ಕೋಡಿಯನ್ನು ಅದಕ್ಕೆ ಎತ್ತಿಡಿ.

ಇನ್ನೊಂದು ಮಾತು. ಚಿಹ್ನೆಯಿಲ್ಲದ, ಅಂದರೆ ಎಂದೂ ಋಣವಾಗದ ಬಗೆಯ ಸಂಖ್ಯೆ ಗರಿಷ್ಠವನ್ನು ದಾಟಿದರೆ ಸೊನ್ನೆಗೆ ಮರಳಬೇಕೆಂದು ಮಾನಕವೇ ಹೇಳುತ್ತದೆ, ಹಳೆಯ ಸ್ಕೂಟರಿನ ಮೀಟರ್ 99999 ಆದ ಮೇಲೆ 00000 ತೋರಿಸುವ ಹಾಗೆ. ಅದು ದೋಷವಲ್ಲ. ಋಣವೂ ಆಗಬಲ್ಲ, ಚಿಹ್ನೆಯುಳ್ಳ ಸಂಖ್ಯೆಗೆ ಅಂತಹ ಭರವಸೆ ಇಲ್ಲ. ಎರಡಕ್ಕೂ ಒಂದೇ ಪದ ಹಾಕಿದರೆ ಸರಿಯಾಗಿದ್ದುದನ್ನೂ ತಿದ್ದಿದ್ದೇವೆ ಎಂದು ಬರೆದಂತಾಗುತ್ತದೆ. ಮೂಲ ಟಿಪ್ಪಣಿಯಲ್ಲಿ ಯಾವುದು ಯಾವುದೆಂದು ನೋಡಿದಿರಾ?

ತುಮಕೂರಿನಿಂದ:
ನೋಡಿರಲಿಲ್ಲ, ಈಗ ನೋಡಿದೆ. ಎರಡೂ ಇವೆ, ಬೇರೆ ಬೇರೆ ಸಾಲುಗಳಲ್ಲಿ. ಒಂದಕ್ಕೆ 'ಮಿತಿಮೀರಿಕೆ', ಇನ್ನೊಂದಕ್ಕೆ 'ಸುತ್ತಿ ಸೊನ್ನೆಗೆ ಮರಳುವುದು' ಎಂದು ಹಾಕಿ ಕಳುಹಿಸಿದೆ. ಪೂರ್ಣಾಂಕ ಹಾಗೆಯೇ ಇದೆ.

ಚಿಕ್ಕಬಳ್ಳಾಪುರದಿಂದ:
ಮಿತಿ ಸಂಸ್ಕೃತ. 'ಎಲ್ಲೆ' ಇತ್ತಲ್ಲ.